ಹಳೆಯ ಲ್ಯಾಪ್‌ಟಾಪಿಗೆ ಯಾವ ಕಾರ್ಯಾಚರಣ ವ್ಯವಸ್ಥೆ?

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ - ಈ ಯಾವುದೇ ತಾಲ್ಲೂಕಿನ ಶಾಲೆಯಲ್ಲಿ ನೀವು ಶಿಕ್ಷಕರಾಗಿರಬಹುದು. ನಿಮ್ಮ ಶಾಲೆಯಲ್ಲಿ 2017ಕ್ಕಿಂತ ಹಿಂದಿನ ಲ್ಯಾಪ್‌ಟಾಪ್‌ಗಳಿದ್ದರೆ ಈ ಲೇಖನ ನಿಮಗಾಗಿ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲ ಕೊನೆಗೊಂಡಿತು. ಅದರ ಮುಂದಿನ ಆವೃತ್ತಿಯಾದ ವಿಂಡೋಸ್ 11ಕ್ಕೆ ಕನಿಷ್ಠ 4 ಗಿಗಾಬೈಟ್ ಸ್ಮೃತಿ, 64 ಗಿಗಾಬೈಟ್ ಸಂಗ್ರಹ, ಹೊಸ ಪೀಳಿಗೆಯ ಸಂಸ್ಕಾರಕ ಮತ್ತು ಟಿಪಿಎಂ 2.0 ಎಂಬ ಭದ್ರತಾ ಏರ್ಪಾಡು ಬೇಕು. ಇವಿಲ್ಲದ ಯಂತ್ರಗಳನ್ನು ಗುಜರಿಗೆ ಹಾಕಬೇಕೇ?

ಕಾರ್ಯಾಚರಣ ವ್ಯವಸ್ಥೆಯ ಕೆಲಸವೇನು?

ಯಂತ್ರಾಂಶಕ್ಕೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು, ಯಾವ ಕೆಲಸಕ್ಕೆ ಎಷ್ಟು ಸ್ಮೃತಿ, ಎಷ್ಟು ಸಮಯ ಎಂದು ಹಂಚುವುದೇ ಕಾರ್ಯಾಚರಣ ವ್ಯವಸ್ಥೆ. ಹಂಚುವ ಈ ಯಜಮಾನನಿಗೂ ಸ್ಮೃತಿಯಲ್ಲಿ ಜಾಗ ಬೇಕು. ಅವನೇ ಬಹುಪಾಲನ್ನು ಆಕ್ರಮಿಸಿದರೆ ಉಳಿದ ಕೆಲಸಗಳ ಮಾಹಿತಿಯನ್ನು ಹಾರ್ಡ್ ಡಿಸ್ಕ್‌ಗೆ ಸಾಗಿಸಿ, ಬೇಕಾದಾಗ ಮರಳಿ ತರಬೇಕಾಗುತ್ತದೆ.

ಇದರ ಪರಿಣಾಮವನ್ನು ಲೆಕ್ಕ ಹಾಕೋಣ. ಸ್ಮೃತಿಯಿಂದ ಮಾಹಿತಿ ಪಡೆಯಲು ಸುಮಾರು 100 ನ್ಯಾನೋಸೆಕೆಂಡು ಸಾಕು. ತಿರುಗುವ ಹಾರ್ಡ್ ಡಿಸ್ಕ್‌ನಿಂದ ಪಡೆಯಲು ಸುಮಾರು 10 ಮಿಲಿಸೆಕೆಂಡು ಬೇಕು. ಅಂದರೆ 1 ಲಕ್ಷ ಪಟ್ಟು ನಿಧಾನ! ಶಿಡ್ಲಘಟ್ಟದ ರೇಷ್ಮೆ ರೀಲರನ್ನು ಊಹಿಸಿಕೊಳ್ಳಿ. ಕೈಗೆಟಕುವಲ್ಲಿರುವ ಗೂಡನ್ನು ತೆಗೆದುಕೊಳ್ಳಲು ಅವರಿಗೆ 1 ಸೆಕೆಂಡು ಸಾಕು ಎನ್ನೋಣ. ಅದೇ ಪ್ರಮಾಣದಲ್ಲಿ ಡಿಸ್ಕ್‌ನಿಂದ ಒಂದು ಗೂಡು ತರಲು ಸುಮಾರು 28 ಗಂಟೆ ಬೇಕಾಗುತ್ತದೆ. ಲ್ಯಾಪ್‌ಟಾಪ್ 'ಹಳತಾಯಿತು' ಎಂದು ನಾವು ದೂರುವಾಗ ಅನೇಕ ಸಲ ನಡೆಯುತ್ತಿರುವುದು ಇದೇ.

ಆಯ್ಕೆಗೂ ಬೆಲೆಗೂ ಸಂಬಂಧ

ಇದು ಹೊಸ ಪ್ರಶ್ನೆಯಲ್ಲ. 2001ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಮತ್ತು ಬೆಂಗಳೂರಿನ ಎನ್‌ಕೋರ್ ಸಂಸ್ಥೆಯವರು ಸೇರಿ ರೂಪಿಸಿದ 'ಸಿಂಪ್ಯೂಟರ್' ಎಂಬ ಕಿರುಗಣಕ ಲಿನಕ್ಸ್‌ನಿಂದ ನಡೆಯುತ್ತಿತ್ತು. 2005ರಲ್ಲಿ ನಿಕೊಲಸ್ ನೆಗ್ರೊಪಾಂಟೆ ಮಕ್ಕಳಿಗಾಗಿ 100 ಡಾಲರಿನ ಲ್ಯಾಪ್‌ಟಾಪ್ ಯೋಜನೆಯನ್ನು ಪ್ರಕಟಿಸಿದರು. 2007ರಲ್ಲಿ ತಯಾರಾದ ಆ 'ಎಕ್ಸ್‌ಒ' ಯಂತ್ರದಲ್ಲಿ ಇದ್ದದ್ದು 256 ಮೆಗಾಬೈಟ್ ಸ್ಮೃತಿ, 1 ಗಿಗಾಬೈಟ್ ಸಂಗ್ರಹ ಮಾತ್ರ. ಲಿನಕ್ಸ್ ಆಧಾರಿತ 'ಶುಗರ್' ಅದರಲ್ಲೇ ನಡೆಯಿತು. 2008ರಲ್ಲಿ ವಿಂಡೋಸ್ ಎಕ್ಸ್‌ಪಿಯನ್ನೂ ಅಳವಡಿಸಲು ಮುಂದಾದಾಗ ಆ ಸಂಗ್ರಹ ಸಾಲದೆ ಹೆಚ್ಚುವರಿ ಮೆಮೊರಿ ಕಾರ್ಡ್ ಬೇಕಾಯಿತು. ತಂತ್ರಾಂಶದ ಆಯ್ಕೆ ಯಂತ್ರಾಂಶದ ಬೆಲೆಯನ್ನೂ ಏರಿಸುತ್ತದೆ ಎಂಬುದನ್ನು ಗಮನಿಸಿ.

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳದ ಶಾಲಾ ವ್ಯವಸ್ಥೆಯಲ್ಲಿ ಮುಕ್ತ ತಂತ್ರಾಂಶಗಳ ಮೂಲಕವೇ ಗಣಕ ಕಲಿಯುತ್ತಾರೆ. ಅವರಿಗೆ ಕನ್ನಡದಲ್ಲೇ ಪಠ್ಯಪುಸ್ತಕವೂ ಇದೆ. ನಮ್ಮ ರಾಜ್ಯದಲ್ಲೂ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಅನೇಕ ಪ್ರೌಢಶಾಲಾ ಶಿಕ್ಷಕರು ಉಬುಂಟು ಬಳಸಿದ್ದಾರೆ.

ಕನ್ನಡದ ಗತಿ?

ಇದು ನ್ಯಾಯವಾದ ಪ್ರಶ್ನೆ. ಲಿನಕ್ಸ್‌ನಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಮೂಡುತ್ತದೆ. ನಿಮಗೆ ಪರಿಚಿತವಾದ ಕಗಪ ಕೀಲಿವಿನ್ಯಾಸವೂ ಇದೆ. ಆದರೆ ಹಳೆಯ, ಯೂನಿಕೋಡ್ ಅಲ್ಲದ ನುಡಿ ಅಕ್ಷರಗಳಲ್ಲಿರುವ ಕಡತಗಳು ಹಾಗೇ ತೆರೆಯುವುದಿಲ್ಲ. ನಾನು ಹಿಂದೆ ಬೆರಳಚ್ಚಿಸಿದ್ದ ಭೌತವಿಜ್ಞಾನದ ಪ್ರಶ್ನೆಪತ್ರಿಕೆಯನ್ನು ಲಿನಕ್ಸ್‌ನಲ್ಲಿ ತೆರೆದಾಗ ಕಂಡದ್ದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು! ಆದ್ದರಿಂದ ಮೊದಲು ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ. ಕೆಲವು ಮುದ್ರಣಯಂತ್ರಗಳು ಹೊಂದದಿರಬಹುದು. ವಿಂಡೋಸ್‌ಗೆಂದೇ ಬರೆದ ತಂತ್ರಾಂಶ ಕಚೇರಿಗೆ ಅನಿವಾರ್ಯವಾಗಿದ್ದರೆ ಅಲ್ಲಿ ವಿಂಡೋಸ್ ಇರುವ ಹೊಸ ಯಂತ್ರವೊಂದು ಇರಲಿ.

ನೀವೇ ಪರೀಕ್ಷಿಸಿ

ಲುಬುಂಟುವಿನಂತಹ ಹಗುರವಾದ ಲಿನಕ್ಸ್ ಆವೃತ್ತಿಯನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದಲೇ ಯಂತ್ರವನ್ನು ಚಾಲೂ ಮಾಡಿ. ಡಿಸ್ಕ್‌ನಲ್ಲಿರುವುದನ್ನು ಅಳಿಸದೆಯೇ ಧ್ವನಿ, ವೈಫೈ, ಪ್ರೊಜೆಕ್ಟರ್, ಕನ್ನಡ ಎಲ್ಲವನ್ನೂ ಪರೀಕ್ಷಿಸಬಹುದು. ಪೆನ್‌ಡ್ರೈವ್‌ನಿಂದ ನಡೆಯುವಾಗ ವೇಗ ಕಡಿಮೆ. ಅದನ್ನು ನೋಡಿ ನಿರಾಶರಾಗಬೇಡಿ. ತೃಪ್ತಿಯಾದ ಮೇಲೆ, ಕಡತಗಳನ್ನು ಬೇರೆಡೆ ನಕಲು ಮಾಡಿಟ್ಟು ಸ್ಥಾಪಿಸಿ. ಸಾಧ್ಯವಾದರೆ ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿಸಿ. ಅದರ ವಿಳಂಬ ಹಾರ್ಡ್ ಡಿಸ್ಕ್‌ನ ನೂರನೆಯ ಒಂದು ಭಾಗದಷ್ಟು. ಆಮೇಲೆ ಸ್ಟೆಲೇರಿಯಂನಲ್ಲಿ ನಿಮ್ಮ ಊರಿನ ರಾತ್ರಿಯಾಕಾಶವನ್ನೂ ಜಿಯೋಜೀಬ್ರಾದಲ್ಲಿ ರೇಖಾಗಣಿತವನ್ನೂ ತೋರಿಸಿ. ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗೋತ್ಕರ್ಷಕ ಕೇಂದ್ರ ರೂಪಿಸಿದ 'ಎಕ್ಸ್‌ಪ್‌ಐಸ್' ಸಾಧನವನ್ನು ಜೋಡಿಸಿದರೆ ಅದೇ ಲ್ಯಾಪ್‌ಟಾಪ್ ಆಸಿಲೋಸ್ಕೋಪ್ ಆಗುತ್ತದೆ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಡಾ. ಎಚ್. ನರಸಿಂಹಯ್ಯನವರು ಭೌತವಿಜ್ಞಾನದ ಅಧ್ಯಾಪಕರಾಗಿ ನಮಗೆ ಕಲಿಸಿದ್ದು ಪ್ರಶ್ನಿಸುವ ಗುಣವನ್ನು. 'ಇದು ಕೆಲಸಕ್ಕೆ ಬಾರದು' ಎಂದು ಯಾರಾದರೂ ಹೇಳಿದಾಗಲೂ ಆ ಗುಣ ನಮ್ಮೊಂದಿಗಿರಲಿ. ಯಂತ್ರವನ್ನು ಗುಜರಿಗೆ ಕಳಿಸುವ ಮುನ್ನ, ನಿಮ್ಮ ವಿದ್ಯಾರ್ಥಿಗಳ ಎದುರಿನಲ್ಲೇ ಈ ಪ್ರಯೋಗವನ್ನೊಮ್ಮೆ ಮಾಡಿ ನೋಡಿ.