ಮೇಲ್ಮನೆಯ ದಿನಚರಿಯೂ ನಮ್ಮ ಹೊಣೆಯೂ

ಕಟ್ಟಾಯ ಹೋಬಳಿಯ ಹಳ್ಳಿಯೊಂದರಲ್ಲಿ ಇತ್ತೀಚೆಗೆ ಭಾನುವಾರದ ಬಲಿಪೂಜೆ ಮುಗಿಸಿ ಹೊರಬಂದಾಗ, ಹಿಂದೆ ಗ್ರಾಮ ಪಂಚಾಯಿತಿ ಸದಸ್ಯರಾಗಿದ್ದ ಹಿರಿಯರೊಬ್ಬರು ನಮ್ಮನ್ನು ತಡೆದು ಕೇಳಿದರು: "ಫಾದರ್, ವಿಧಾನಸಭೆ ಅಂತ ಒಂದು ಇರುವಾಗ ಈ ವಿಧಾನ ಪರಿಷತ್ತು ಯಾಕೆ? ಸೋತವರನ್ನು ಹತ್ತಿಸಿ ಕೂರಿಸುವ ಅಟ್ಟ ತಾನೆ ಅದು?" ಸುತ್ತ ನಿಂತಿದ್ದವರು ನಕ್ಕರು, ನಾವೂ ನಕ್ಕೆವು. ಜನ ಚದುರಿದ ಮೇಲೆ ಅವರು ದನಿ ತಗ್ಗಿಸಿ ಮತ್ತೊಂದು ಮಾತು ಹೇಳಿದರು. ತಾವು ಸದಸ್ಯರಾಗಿದ್ದ ಕಾಲದಲ್ಲಿ ಆ ಮನೆಯ ಚುನಾವಣೆಗೆ ಮತ ಹಾಕಿದ್ದರಂತೆ. ಮತದಾನದ ಹಿಂದಿನ ರಾತ್ರಿ ಮನೆಗೆ ಬಂದ ಲಕೋಟೆಯನ್ನು ಹಿಂದಿರುಗಿಸಲಿಲ್ಲವಂತೆ. "ಅದರಿಂದ ಯಾರಿಗೇನು ನಷ್ಟವಾಯಿತು ಫಾದರ್?" ಎಂದರು. ಅಂದು ನಮಗೆ ತಕ್ಕ ಉತ್ತರ ಹೊಳೆಯಲಿಲ್ಲ. ಅವರ ಒಪ್ಪಿಗೆ ಪಡೆದೇ ಈ ಪ್ರಸಂಗವನ್ನು ಇಲ್ಲಿ ಬರೆಯುತ್ತಿದ್ದೇವೆ. ಈ ಲೇಖನವೇ ಅವರಿಗೆ ನಮ್ಮ ಉತ್ತರ.

ಮನೆ ನಡೆಯುವ ಬಗೆ

ನಮ್ಮ ನಾಡಿನಲ್ಲಿ ಮೇಲ್ಮನೆ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ಆರಂಭವಾಯಿತು. 1907ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ನ್ಯಾಯ ವಿಧಾಯಕ ಸಭೆ ಸ್ಥಾಪನೆಯಾಯಿತು. ಇಂದಿನ ವಿಧಾನ ಪರಿಷತ್ತು ಆ ಪರಂಪರೆಯ ಮುಂದುವರಿಕೆ. ಅದರಲ್ಲಿ 75 ಸ್ಥಾನಗಳಿವೆ. 25 ಮಂದಿಯನ್ನು ಶಾಸಕರೂ, 25 ಮಂದಿಯನ್ನು ಗ್ರಾಮ ಪಂಚಾಯಿತಿ, ಪುರಸಭೆ ಮೊದಲಾದ ಸ್ಥಳೀಯ ಸಂಸ್ಥೆಗಳ ಸದಸ್ಯರೂ, 7 ಮಂದಿಯನ್ನು ಪದವೀಧರರೂ, 7 ಮಂದಿಯನ್ನು ಶಿಕ್ಷಕರೂ ಆರಿಸುತ್ತಾರೆ. 11 ಮಂದಿಯನ್ನು ರಾಜ್ಯಪಾಲರು ನಾಮಕರಣ ಮಾಡುತ್ತಾರೆ. ಸದಸ್ಯರ ಅವಧಿ ಆರು ವರ್ಷ. ಪ್ರತಿ ಎರಡು ವರ್ಷಕ್ಕೆ ಮೂರರಲ್ಲೊಂದು ಭಾಗ ನಿವೃತ್ತಿ ಹೊಂದುವುದರಿಂದ ಈ ಮನೆ ಎಂದೂ ಒಮ್ಮೆಗೇ ಬರಿದಾಗುವುದಿಲ್ಲ.

ಅಲ್ಲಿಯ ದಿನದ ಕಲಾಪ ದೂರದಿಂದ ನೋಡುವವರಿಗೆ ನೀರಸ. ಕೋರಂ ಗಂಟೆ ಬಾರಿಸುತ್ತದೆ. ಸಭಾಪತಿಗಳು ಪೀಠವನ್ನು ಅಲಂಕರಿಸುತ್ತಾರೆ. ಪ್ರಶ್ನೋತ್ತರ ವೇಳೆಯಲ್ಲಿ ಚುಕ್ಕೆ ಗುರುತಿನ ಪ್ರಶ್ನೆಗಳಿಗೆ ಮಂತ್ರಿಗಳು ಎದ್ದು ನಿಂತು ಉತ್ತರಿಸಬೇಕು. ಅನಂತರ ಶೂನ್ಯ ವೇಳೆ, ಗಮನ ಸೆಳೆಯುವ ಸೂಚನೆ, ಕಾಗದಪತ್ರಗಳ ಮಂಡನೆ, ವಿಧೇಯಕಗಳ ಪರ್ಯಾಲೋಚನೆ. ಶಾಲೆಗೆ ಶಿಕ್ಷಕರಿಲ್ಲ, ಮುಳುಗಡೆಯಾದವರಿಗೆ ಭೂಮಿ ಸಿಕ್ಕಿಲ್ಲ ಎಂಬಂಥ ದೂರುಗಳು ಕಡತದಿಂದ ಎದ್ದು ಮನುಷ್ಯನ ದನಿಯಾಗುವುದು ಈ ನೀರಸ ಗಂಟೆಗಳಲ್ಲೇ. ಹೇಮಾವತಿಯ ಹಿನ್ನೀರಿನಲ್ಲಿ ನಿಂತಿರುವ ಶೆಟ್ಟಿಹಳ್ಳಿಯ ಚರ್ಚನ್ನು ಕಂಡು ಬೆಳೆದ ನಮಗೆ ಅಂಥ ದನಿಯ ಬೆಲೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಈ ಮನೆಯ ಅಧಿಕಾರ ಸೀಮಿತವಾದುದು. ಹಣಕಾಸು ವಿಧೇಯಕವನ್ನು ಅದು 14 ದಿನಗಳಿಗಿಂತ ಹೆಚ್ಚು ಕಾಲ ತಡೆಯಲಾರದು. ಇತರ ವಿಧೇಯಕವನ್ನು ಮೊದಲು ಮೂರು ತಿಂಗಳು, ಕೆಳಮನೆ ಮತ್ತೆ ಅಂಗೀಕರಿಸಿ ಕಳುಹಿಸಿದರೆ ಇನ್ನೊಂದು ತಿಂಗಳು, ಇಷ್ಟು ಮಾತ್ರ ತಡೆಯಬಲ್ಲದು. ಅಂದರೆ ಮೇಲ್ಮನೆಯ ಕೈಯಲ್ಲಿರುವುದು ಮುಖ್ಯವಾಗಿ ಸಮಯ. ಅವಸರದಲ್ಲಿ ಓಡುವವನ ಹೆಗಲ ಮೇಲೆ ಕೈಯಿಟ್ಟು "ಸ್ವಲ್ಪ ನಿಲ್ಲು, ಯೋಚಿಸು" ಎನ್ನುವ ಅಧಿಕಾರ. ಆಲೋಚನೆ ನಿಧಾನವಾಗಿರಲಿ, ಕಾರ್ಯ ತ್ವರಿತವಾಗಿರಲಿ ಎಂಬ ಅರಿಸ್ಟಾಟಲನ ವಿವೇಕವನ್ನು ಸಂತ ತೋಮಸ್ ಅಕ್ವಿನಾಸರೂ ಎತ್ತಿ ಹಿಡಿದಿದ್ದಾರೆ. ಅವರ ದೃಷ್ಟಿಯಲ್ಲಿ ಕಾನೂನೆಂಬುದು ಆಳುವವನ ಇಚ್ಛೆಯಷ್ಟೇ ಅಲ್ಲ. ಸರ್ವರ ಹಿತಕ್ಕಾಗಿ ವಿವೇಚನೆ ರೂಪಿಸಿದ ಕಟ್ಟಳೆ.

ಇಂಗ್ಲೆಂಡಿನ ಒಂದು ತೀರ್ಪು

ಆದರೆ ವಿಧಿವಿಧಾನ ಸರಿಯಿದ್ದ ಮಾತ್ರಕ್ಕೆ ನ್ಯಾಯ ದೊರೆತೀತೇ? ಈ ಪ್ರಶ್ನೆಗೆ 17ನೇ ಶತಮಾನದ ಇಂಗ್ಲೆಂಡಿನ ಪ್ರಭುಗಳ ಸಭೆ ಕಠಿಣವಾದ ಪಾಠ ಹೇಳುತ್ತದೆ. ಅಲ್ಲಿಯೂ ದಿನದ ಕಲಾಪಕ್ಕೆ ಕ್ರಮವಿತ್ತು. ಪ್ರಾರ್ಥನೆಯಿಂದ ಆರಂಭ, ಹಾಜರಾದವರ ಹೆಸರು ದಿನಚರಿ ಪುಸ್ತಕದಲ್ಲಿ ದಾಖಲು, ಉಣ್ಣೆ ತುಂಬಿದ ಆಸನದ ಮೇಲೆ ಲಾರ್ಡ್ ಚಾನ್ಸಲರ್, ಪ್ರತಿ ವಿಧೇಯಕಕ್ಕೂ ಮೂರು ವಾಚನ, ಅರ್ಜಿಗಳ ಆಲಿಕೆ, ಮೇಲ್ಮನವಿಗಳ ವಿಚಾರಣೆ. ಬಹುಮತದ ತೀರ್ಮಾನವನ್ನು ಒಪ್ಪದ ಸದಸ್ಯನು ತನ್ನ ಭಿನ್ನಮತವನ್ನು ಆ ಪುಸ್ತಕದಲ್ಲೇ ಬರೆಸುವ ಹಕ್ಕನ್ನೂ ಹೊಂದಿದ್ದನು.

1678ರಲ್ಲಿ ಟೈಟಸ್ ಓಟ್ಸ್ ಎಂಬಾತ, ಅರಸ ಎರಡನೆಯ ಚಾರ್ಲ್ಸನನ್ನು ಕೊಲ್ಲಲು ಕಥೋಲಿಕರು ಸಂಚು ಹೂಡಿದ್ದಾರೆಂದು ಸುಳ್ಳು ಹಬ್ಬಿಸಿದನು. ದೇಶವೇ ಭಯದಿಂದ ಕುದಿಯಿತು. ಐವರು ಕಥೋಲಿಕ ಪ್ರಭುಗಳು ಸೆರೆಮನೆ ಸೇರಿದರು. ಪರಮಪ್ರಸಾದದಲ್ಲಿ ರೊಟ್ಟಿ ದ್ರಾಕ್ಷಾರಸಗಳು ಪ್ರಭುವಿನ ಶರೀರ ರಕ್ತಗಳಾಗುತ್ತವೆಂಬ ವಿಶ್ವಾಸವನ್ನು ನಿರಾಕರಿಸಿ ಘೋಷಣೆ ಮಾಡದವರಿಗೆ ಸಂಸತ್ತಿನಲ್ಲಿ ಸ್ಥಾನವಿಲ್ಲವೆಂಬ ಕಾನೂನು ಅದೇ ವರ್ಷ ಬಂದಿತು. ಎಲ್ಲವೂ ಕ್ರಮಬದ್ಧವಾಗಿಯೇ ನಡೆಯಿತು. ಕಥೋಲಿಕ ಪ್ರಭುಗಳ ಪೀಠಗಳು ಬರಿದಾದವು. 1829ರವರೆಗೆ, ಒಂದೂವರೆ ಶತಮಾನ, ಆ ಬಾಗಿಲು ಅವರಿಗೆ ತೆರೆಯಲಿಲ್ಲ.

ಸೆರೆಯಲ್ಲಿದ್ದವರಲ್ಲಿ ವೃದ್ಧ ವಿಲಿಯಂ ಹೋವರ್ಡ್, ಸ್ಟಾಫರ್ಡ್ ವೈಕೌಂಟ್, 1680ರ ಕೊನೆಯಲ್ಲಿ ತನ್ನ ಸಹಸದಸ್ಯರೆದುರೇ ವಿಚಾರಣೆಗೆ ನಿಂತರು. ಪ್ರಭುಗಳು ಒಬ್ಬೊಬ್ಬರಾಗಿ ತಮ್ಮ ಗೌರವದ ಮೇಲೆ ಆಣೆಯಿಟ್ಟು ತೀರ್ಪು ನುಡಿದರು. ಅಪರಾಧಿ ಎಂದವರು 55. ನಿರಪರಾಧಿ ಎಂದವರು 31. ಅಪರಾಧಿ ಎಂದವರಲ್ಲಿ ಅವರ ಸ್ವಂತ ಬಂಧುಗಳೂ ಇದ್ದರು. ಡಿಸೆಂಬರ್ 29ರಂದು ಅವರ ಶಿರಚ್ಛೇದವಾಯಿತು. 1685ರಲ್ಲಿ ಓಟ್ಸನ ಸುಳ್ಳುಸಾಕ್ಷ್ಯ ನ್ಯಾಯಾಲಯದಲ್ಲಿ ಸಾಬೀತಾಯಿತು. 1929ರಲ್ಲಿ ಧರ್ಮಸಭೆ ಸ್ಟಾಫರ್ಡರನ್ನು ಪುನೀತರೆಂದು ಸಾರಿತು. ಜನರ ಕೋಪ ಉಕ್ಕಿ ಹರಿಯುತ್ತಿದ್ದ ಆ ದಿನ, ಕಥೋಲಿಕರಲ್ಲದ 31 ಮಂದಿ ಎದ್ದು ನಿಂತು ನಿರಪರಾಧಿ ಎಂದರಲ್ಲ, ಅವರನ್ನು ನಾವು ಮರೆಯಬಾರದು. ನಿಯಮಗಳು ಎಲ್ಲರಿಗೂ ಒಂದೇ ಆಗಿದ್ದವು. ಮನಸ್ಸಾಕ್ಷಿ ಮಾತ್ರ ಒಬ್ಬೊಬ್ಬರದೂ ಬೇರೆಯಾಗಿತ್ತು.

ನಮ್ಮ ಮನೆಯ ಪಾಠ

ನಮ್ಮ ಪರಿಷತ್ತಿನ ಇತ್ತೀಚಿನ ಚರಿತ್ರೆಯನ್ನು ಈ ಬೆಳಕಿನಲ್ಲಿ ನೋಡೋಣ. ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ವಿಧೇಯಕಕ್ಕೆ 2021ರ ಡಿಸೆಂಬರ್ 23ರಂದು ಬೆಳಗಾವಿಯಲ್ಲಿ ವಿಧಾನಸಭೆಯ ಅಂಗೀಕಾರ ದೊರೆಯಿತು. ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾದ ಪೀಟರ್ ಮಚಾಡೊ ಅವರು ಅದನ್ನು ಬಹಿರಂಗವಾಗಿ ವಿರೋಧಿಸಿದ್ದರು. ಮೇಲ್ಮನೆಯಲ್ಲಿ ಅಂದಿನ ಸರ್ಕಾರಕ್ಕೆ ಬಹುಮತ ಇರಲಿಲ್ಲವಾದ್ದರಿಂದ ವಿಧೇಯಕ ಅಲ್ಲಿ ಮಂಡನೆಯಾಗಲಿಲ್ಲ. 2022ರ ಮೇ ತಿಂಗಳಲ್ಲಿ ಅದು ಸುಗ್ರೀವಾಜ್ಞೆಯ ರೂಪದಲ್ಲಿ ಜಾರಿಗೆ ಬಂದಿತು. ಸೆಪ್ಟೆಂಬರ್ 15ರಂದು ಪರಿಷತ್ತು ಧ್ವನಿಮತದಿಂದ ಅದನ್ನು ಅಂಗೀಕರಿಸಿತು. 2023ರ ಜೂನ್‌ನಲ್ಲಿ ಮುಂದಿನ ಸರ್ಕಾರದ ಸಚಿವ ಸಂಪುಟ ಅದನ್ನು ರದ್ದುಪಡಿಸಲು ತೀರ್ಮಾನಿಸಿತು. ಬಲವಂತದ ಮತಾಂತರವನ್ನು ಧರ್ಮಸಭೆಯೂ ಒಪ್ಪುವುದಿಲ್ಲ. ನಮ್ಮ ಅಳಲು ಬೇರೆ: ಸೇವೆಯನ್ನೇ ಸಂಶಯದಿಂದ ಕಾಣುವ ಕಾನೂನು ನಮ್ಮ ಕನ್ಯಾಸ್ತ್ರೀಯರ ಶಾಲೆ ಆಸ್ಪತ್ರೆಗಳ ಬಾಗಿಲಿಗೆ ಬಂದು ನಿಲ್ಲಬಾರದೆಂಬುದು. ಆ ತಿಂಗಳುಗಳಲ್ಲಿ ಪರಿಷತ್ತಿನ ಒಂದೊಂದು ಸ್ಥಾನವೂ ಎಣಿಕೆಗೆ ಬಂದಿತ್ತು.

ಇದೇ ಮನೆ ನಮ್ಮನ್ನು ತಲೆತಗ್ಗಿಸುವಂತೆ ಮಾಡಿದ್ದೂ ಉಂಟು. 2020ರ ಡಿಸೆಂಬರ್ 15ರಂದು ಪೀಠದಲ್ಲಿದ್ದ ಉಪಸಭಾಪತಿ ಎಸ್.ಎಲ್. ಧರ್ಮೇಗೌಡರನ್ನು ಸದಸ್ಯರೇ ಎಳೆದಿಳಿಸಿದ ದೃಶ್ಯವನ್ನು ನಾಡೇ ಕಂಡಿತು. ಅದೇ ತಿಂಗಳ ಕೊನೆಯಲ್ಲಿ ನೆರೆಯ ಕಡೂರು ತಾಲ್ಲೂಕಿನಲ್ಲಿ ಅವರು ದುರ್ಮರಣಕ್ಕೀಡಾದರು. ಅವರ ಆತ್ಮಕ್ಕೆ ಶಾಂತಿ ಕೋರುವುದಷ್ಟೇ ನಮ್ಮ ಕೆಲಸ. ಆದರೆ ಪೀಠದ ಗೌರವವೆಂದರೆ ಅದರ ಮೇಲೆ ಕುಳಿತ ಮನುಷ್ಯನ ಗೌರವವೂ ಹೌದೆಂಬುದನ್ನು ಅಂದು ಎಲ್ಲರೂ ಮರೆತಿದ್ದರು.

ಲಕೋಟೆಯ ಬೆಲೆ

ಈಗ ಹಿರಿಯರ ಪ್ರಶ್ನೆಗೆ ಬರೋಣ. ಸ್ಥಳೀಯ ಸಂಸ್ಥೆಗಳ ಕ್ಷೇತ್ರದಲ್ಲಿ ಮತದಾರರು ಕೆಲವೇ ಸಾವಿರ. ಆದ್ದರಿಂದ ಅಲ್ಲಿ ಒಂದು ಮತದ ತೂಕ ಹೆಚ್ಚು. ಲಕೋಟೆಗೆ ಮಾರಿದ ಮತ ಆರು ವರ್ಷ ಆ ಮನೆಯಲ್ಲಿ ಕುಳಿತಿರುತ್ತದೆ. ಯಾರ ಬದುಕಿನ ಮೇಲೆ ಯಾವ ಕಾನೂನು ಬರಬೇಕೆಂದು ಕೈಯೆತ್ತುತ್ತದೆ. ನಷ್ಟ ಯಾರಿಗೆಂದು ಮತ ಮಾರುವ ದಿನ ತಿಳಿಯುವುದಿಲ್ಲ. ಆ ಅಪಾಯ ಇರುವುದೇ ಅಲ್ಲಿ.

ತಪ್ಪು ಅವರೊಬ್ಬರದೇ ಅಲ್ಲ. ಹಾಸನ ಜಿಲ್ಲೆಯು ಮೈಸೂರು, ಮಂಡ್ಯ, ಚಾಮರಾಜನಗರ ಜಿಲ್ಲೆಗಳ ಜೊತೆಗೆ ದಕ್ಷಿಣ ಪದವೀಧರರ ಮತ್ತು ದಕ್ಷಿಣ ಶಿಕ್ಷಕರ ಕ್ಷೇತ್ರಗಳಿಗೆ ಸೇರಿದೆ. ಪದವಿ ಪಡೆದು ಮೂರು ವರ್ಷವಾದವರು ಪದವೀಧರರ ಕ್ಷೇತ್ರದಲ್ಲಿ ಮತದಾರರಾಗಬಹುದು; ಪ್ರೌಢಶಾಲೆ ಮತ್ತು ಅದಕ್ಕಿಂತ ಮೇಲಿನ ಹಂತದಲ್ಲಿ ಕಳೆದ ಆರು ವರ್ಷಗಳಲ್ಲಿ ಮೂರು ವರ್ಷ ಬೋಧಿಸಿದವರು ಶಿಕ್ಷಕರ ಕ್ಷೇತ್ರದಲ್ಲಿ. ಆದರೆ ಆ ಪಟ್ಟಿ ಪ್ರತಿ ಚುನಾವಣೆಗೂ ಹೊಸದಾಗಿ ಸಿದ್ಧವಾಗುತ್ತದೆ. ಪದವೀಧರರು ನಮೂನೆ 18ರಲ್ಲಿ, ಶಿಕ್ಷಕರು ನಮೂನೆ 19ರಲ್ಲಿ ಮತ್ತೆ ಅರ್ಜಿ ಸಲ್ಲಿಸಬೇಕು. ತತ್ತ್ವಶಾಸ್ತ್ರ ಓದಿದ ನಾವೇ ಎಷ್ಟೋ ವರ್ಷ ಆ ಅರ್ಜಿ ಸಲ್ಲಿಸಿರಲಿಲ್ಲ. ಅವರು ಮತವನ್ನು ಮಾರಿದರು, ನಾವು ಬಿಸಾಡಿದೆವು. ಎರಡರ ನಡುವೆ ಹೆಚ್ಚಿನ ಅಂತರವಿದೆಯೆಂದು ನಮಗೀಗ ತೋರುವುದಿಲ್ಲ.

ಹಳ್ಳಿಯ ಮನೆಗಳಲ್ಲಿ ಅಟ್ಟದ ಮೇಲೆ ಮುರಿದ ಸಾಮಾನೂ ಇರುತ್ತದೆ, ಮುಂದಿನ ಮಳೆಗೆಂದು ಜೋಪಾನ ಮಾಡಿದ ಬಿತ್ತನೆ ರಾಗಿಯೂ ಇರುತ್ತದೆ. ಏನನ್ನು ಹತ್ತಿಸಬೇಕೆಂಬುದು ಮನೆಯವರ ಕೈಯಲ್ಲಿದೆ. ಮುಂದಿನ ಸಲ ಲಕೋಟೆ ಬಂದಾಗ ಹಿಂದಿರುಗಿಸುವ ಬಲವನ್ನೂ, ಅರ್ಜಿಯ ದಿನ ಬಂದಾಗ ಸೋಮಾರಿತನವನ್ನು ಬಿಡುವ ಬುದ್ಧಿಯನ್ನೂ ಪ್ರಭು ನಮಗೆಲ್ಲರಿಗೂ ದಯಪಾಲಿಸಲಿ.