ತಂತಿಯ ಬಿಗಿಯಲ್ಲಿ ಕೂರುವ ಹರಳು

ತಂತಿ ಸುತ್ತಿದ ಹರಳಿನ ಒಡವೆಯಲ್ಲಿ ಬೆಸುಗೆಯೂ ಇಲ್ಲ, ಅಂಟೂ ಇಲ್ಲ. ಕಲ್ಲನ್ನು ಹಿಡಿದಿಡುವುದು ತಂತಿಯ ಬಿಗಿ ಮಾತ್ರ. ಕುಲುಮೆ, ಊದುಗೊಳವೆಗಳ ರಗಳೆಯಿಲ್ಲದೆ ಊಟದ ಮೇಜಿನ ಮೇಲೆಯೇ ಮುಗಿಯುವುದರಿಂದ ಈ ಕೆಲಸ ಮನೆಗೆ ಒಗ್ಗುತ್ತದೆ. ನಮ್ಮಲ್ಲಿ ಇದು ತೀರಾ ಹೊಸತೂ ಅಲ್ಲ. ಚಿನ್ನದ ತಂತಿಯಲ್ಲಿ ಹೆಣೆದ ಕರಿಮಣಿ ಸರವನ್ನು ಹತ್ತಿರದಿಂದ ನೋಡಿದರೆ ಸಾಕು: ಒಂದೊಂದು ಮಣಿಯೂ ತುಂಡು ತಂತಿಯಲ್ಲಿ ಕೂತಿರುತ್ತದೆ, ತಂತಿಯ ಎರಡೂ ತುದಿ ಕೊಂಡಿಯಾಗಿ ಬಾಗಿ ಪಕ್ಕದ ಕೊಂಡಿಗೆ ಸಿಕ್ಕಿಕೊಂಡಿರುತ್ತದೆ. ಕಲಿಯುವವರ ಮೊದಲ ಪಾಠವೂ ಆ ಕೊಂಡಿಯೇ.

ಕಲಿಕೆಗೆ ತಾಮ್ರವೇ ಸರಿ. ಅಗ್ಗ, ಮೆತು, ಕೆಟ್ಟರೆ ಸಂಕಟವಿಲ್ಲ. ರಾಜಾಜಿನಗರ ಕೈಗಾರಿಕಾ ಪ್ರದೇಶ, ಕಾಮಾಕ್ಷಿಪಾಳ್ಯದಂಥ ಕಡೆ ಮೋಟಾರ್ ರೀವೈಂಡಿಂಗ್ ಮಾಡುವವರು ಬಳಸುವ ತಂತಿಯೂ ತಾಮ್ರದ್ದೇ. ಅದರ ಮೇಲೆ ಎನಾಮಲ್ ಲೇಪ ಇರುವುದರಿಂದ ಬೇಗ ಕಪ್ಪಾಗದು. ಆದರೆ ಇಕ್ಕಳದ ಗೀರು ಎದ್ದು ಕಾಣುತ್ತದೆ, ಸುತ್ತಿಗೆ ಏಟಿಗೆ ಲೇಪ ಸಿಡಿಯುತ್ತದೆ. ಬಡಿದು ಚಪ್ಪಟೆ ಮಾಡುವ ಉದ್ದೇಶವಿದ್ದರೆ ಲೇಪವಿಲ್ಲದ ತಂತಿಯೇ ಬೇಕು.

ಅನೇಕರು ಎಡವುವುದು ಗೇಜ್ ಲೆಕ್ಕದಲ್ಲಿ. ವಿಡಿಯೊಗಳಲ್ಲಿ ಹೇಳುವ 20 ಗೇಜ್ ಸಾಮಾನ್ಯವಾಗಿ ಅಮೆರಿಕದ ಅಳತೆ, ಅಂದರೆ 0.81 ಮಿ.ಮೀ. ಇಲ್ಲಿನ ವೈಂಡಿಂಗ್ ತಂತಿಗೆ ಬಳಕೆಯಲ್ಲಿರುವ ಎಸ್‌ಡಬ್ಲ್ಯೂಜಿ ಲೆಕ್ಕದಲ್ಲಿ 20 ಎಂದರೆ 0.91 ಮಿ.ಮೀ. ಇಷ್ಟು ದಪ್ಪ ಹೆಚ್ಚಿದರೆ ಮಣಿಯ ತೂತಿಗೆ ತಂತಿ ಇಳಿಯದೆ ಹೋಗಬಹುದು. ಅಂಗಡಿಯಲ್ಲಿ ಗೇಜ್ ಬದಲು ಮಿಲಿಮೀಟರ್ ಹೇಳಿ ಕೇಳುವುದೇ ಲೇಸು.

ಮಣಿ, ಹರಳುಗಳಿಗೆ ಪೇಟೆಗೇ ಹೋಗಬೇಕು. ರಾಜಾಜಿನಗರದಿಂದ ಹಸಿರು ಮಾರ್ಗದ ಮೆಟ್ರೊ ನೇರ ಚಿಕ್ಕಪೇಟೆಗೆ ಹೋಗುತ್ತದೆ. ವಿಜಯನಗರ, ಕೆಂಗೇರಿಯವರು ಮೆಜೆಸ್ಟಿಕ್‌ನಲ್ಲಿ ಬದಲಿಸಬೇಕು. ಅಕ್ಕಸಾಲಿಗರ ನಗರ್ತಪೇಟೆಯೂ ಅಲ್ಲಿಂದ ನಡೆದುಹೋಗುವಷ್ಟೇ ದೂರ. ಅಗ್ಗದ ದರದಲ್ಲಿ ಸಿಗುವ ಗಾಢ ಗುಲಾಬಿ, ನೀಲಿ ಅಗೇಟ್ ಬಹುಮಟ್ಟಿಗೆ ಬಣ್ಣ ಹಾಕಿದ್ದು. ಮಿನುಗು ಚುಕ್ಕೆಯ ‘ಗೋಲ್ಡ್‌ಸ್ಟೋನ್’ ಕಲ್ಲೇ ಅಲ್ಲ, ಗಾಜು. ಗೊತ್ತಿದ್ದು ಕೊಂಡರೆ ತಪ್ಪೇನಿಲ್ಲ.

ಮನೆಯ ಕಟಿಂಗ್ ಪ್ಲೇಯರ್ ಇದಕ್ಕೆ ಬೇಡ. ಅದರ ಹಲ್ಲು ತಂತಿಯನ್ನು ಕಚ್ಚಿ ಗಾಯ ಮಾಡುತ್ತದೆ. ದುಂಡು ಮೂತಿಯದೊಂದು, ಹಲ್ಲಿಲ್ಲದ ಚಪ್ಪಟೆ ಮೂತಿಯದೊಂದು ಇಕ್ಕಳ, ಜೊತೆಗೆ ತಂತಿ ಕತ್ತರಿಸಲು ಒಂದು ಕಟರ್ ಸಾಕು. ಮಣಿಯಿಂದ ಹೊರಬಂದ ತಂತಿಯಲ್ಲಿ ಎರಡು ಮೂರು ಮಿ.ಮೀ. ಕತ್ತು ಬಿಟ್ಟು ಲಂಬಕೋನಕ್ಕೆ ಬಗ್ಗಿಸಬೇಕು. ದುಂಡು ಮೂತಿಯ ಮೇಲೆ ಸುತ್ತಿ ಬಳೆ ಮಾಡಿ, ಉಳಿದ ತುದಿಯನ್ನು ಆ ಕತ್ತಿಗೆ ಸಾಲಾಗಿ ಎರಡು ಮೂರು ಸುತ್ತು ಹಾಕಿ ಕತ್ತರಿಸಬೇಕು. ಕೊನೆಗೆ ತುದಿಯನ್ನು ಚಪ್ಪಟೆ ಇಕ್ಕಳದಿಂದ ಒಳಕ್ಕೆ ಒತ್ತಲೇಬೇಕು. ಇದನ್ನು ಬಿಟ್ಟರೆ ರೇಷ್ಮೆ ಸೀರೆಯ ಎಳೆ ಕಿತ್ತು ಬರುತ್ತದೆ. ಅಂದದ ಒಡವೆಗೂ ಅವಸರದ ಒಡವೆಗೂ ಇರುವ ವ್ಯತ್ಯಾಸ ಬಹುತೇಕ ಈ ಒಂದು ತುದಿಯಲ್ಲೇ ಇರುತ್ತದೆ.

ತೂತಿಲ್ಲದ ಕಲ್ಲಿಗೆ ಚೌಕಟ್ಟು ಕಟ್ಟಬೇಕು. ಕಲ್ಲಿನ ಸುತ್ತಳತೆಯನ್ನು ದಾರದಿಂದ ಅಳೆದು, ಎರಡು ಮೂರು ದಪ್ಪ ತಂತಿಗಳನ್ನು ಪಕ್ಕಪಕ್ಕ ಇಟ್ಟು, 0.3 ಮಿ.ಮೀ. ಆಸುಪಾಸಿನ ಸಣ್ಣ ತಂತಿಯಿಂದ ಅಲ್ಲಲ್ಲಿ ಬಿಗಿಯುತ್ತಾರೆ. ಈ ಪಟ್ಟಿಯನ್ನು ಕಲ್ಲಿನ ಅಂಚಿಗೆ ಬಾಗಿಸಿ, ಹಿಂದೆಯೊಂದು ಮುಂದೆಯೊಂದು ತಂತಿಯನ್ನು ಕಲ್ಲಿನ ಮೇಲೆ ಸ್ವಲ್ಪ ಒಳಕ್ಕೆ ಎಳೆದರೆ ಕಲ್ಲು ಜಾರುವುದಿಲ್ಲ. ಮೇಲಿನ ತುದಿಗಳು ಸೇರಿ ಸರ ಹಾಯುವ ಕೊಂಡಿಯಾಗುತ್ತವೆ. ತಪ್ಪಾಯಿತೆಂದು ಮತ್ತೆ ಮತ್ತೆ ಬಗ್ಗಿಸಿ ನೆಟ್ಟಗೆ ಮಾಡಿದರೆ ತಾಮ್ರ ಗಡುಸಾಗಿ ಕೊನೆಗೆ ಪಟ್ಟನೆ ಮುರಿಯುತ್ತದೆ. ಅಂಥ ತಂತಿಯನ್ನು ಬದಿಗಿಟ್ಟು ಹೊಸ ತುಂಡು ತೆಗೆದುಕೊಳ್ಳುವುದೇ ಉಳಿತಾಯ.

ಬೆವರು ತಾಗಿದ ತಾಮ್ರ ಚರ್ಮದ ಮೇಲೆ ಹಸಿರು ಕಲೆ ಬಿಡುತ್ತದೆ. ಅದು ತೊಳೆದರೆ ಹೋಗುತ್ತದೆ. ಮಾಸಿದ ತಾಮ್ರಕ್ಕೆ ಅಡುಗೆಮನೆಯ ಹುಣಸೆಹಣ್ಣೇ ಮದ್ದಾದರೂ ಅದನ್ನು ಹಚ್ಚಬೇಕಾದ್ದು ಕಲ್ಲು ಕೂರಿಸುವ ಮೊದಲು. ಸ್ಫಟಿಕ, ಅಗೇಟ್‌ಗಳಿಗೆ ಹುಳಿಯಿಂದ ಅಪಾಯವಿಲ್ಲ. ಮುತ್ತು, ಹವಳ, ಮ್ಯಾಲಕೈಟ್‌ಗಳು ಕಾರ್ಬೊನೇಟ್‌ಗಳಾದ್ದರಿಂದ ಹುಳಿಗೆ ಕರಗಿ ಹೊಳಪು ಕಳೆದುಕೊಳ್ಳುತ್ತವೆ. ಅವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಬೇರೆ ಡಬ್ಬಿಯಲ್ಲಿ ಇಡುತ್ತಾರೆ.