ಏರೋ ಬೈಕಾ, ಕೋಚಾ? ಮಗನಿಗೆ ಹಣ ಕಳಿಸುವ ಮುನ್ನ ಶಿಕಾಗೊ, ಡೆಟ್ರಾಯಿಟ್ ಕಥೆ ಕೇಳಿ

ಶಿಕಾಗೊ/ಡೆಟ್ರಾಯಿಟ್: "ಅಪ್ಪಾ, ಈ ಬೈಕ್ ಇದ್ರೆ ನಾನೂ ರೇಸ್‌ನಲ್ಲಿ ಮುಂದೆ ಬರ್ತೀನಿ." ಅಮೆರಿಕದಲ್ಲಿ ಓದುತ್ತಿರುವ ಮಗ ವಾಟ್ಸ್ಆ್ಯಪ್‌ನಲ್ಲಿ ಇಷ್ಟು ಬರೆದು ಒಂದು ಫೋಟೋ ಹಾಕಿದರೆ, ದುಬೈನಲ್ಲೋ ದಮ್ಮಾಮ್‌ನಲ್ಲೋ ಡ್ಯೂಟಿ ಮುಗಿಸಿ ರೂಮಿಗೆ ಬಂದ ಅಪ್ಪ ಮೊದಲು ನೋಡುವುದು ಬೆಲೆಯನ್ನು. ನಮ್ಮ ಕಡೆ ಬೈಕ್ ಅಂದ್ರೆ ಮೋಟಾರ್ ಸೈಕಲ್. ಅಮೆರಿಕದಲ್ಲಿ ಬೈಕ್ ಅಂದ್ರೆ ಕಾಲಲ್ಲಿ ತುಳಿಯುವ ಸೈಕಲ್ಲೇ. ಇಂಜಿನ್ ಇಲ್ಲ, ಪೆಟ್ರೋಲ್ ಬೇಡ. ಆದರೂ ಮೇಲ್ದರ್ಜೆಯ 'ಏರೋ' ರೋಡ್ ಬೈಕ್ ಬೆಲೆ 10,000 ಡಾಲರ್ ದಾಟುತ್ತದೆ, ಅಂದರೆ 36,700 ದಿರ್ಹಮ್‌ಗೂ ಹೆಚ್ಚು. ಮಧ್ಯಮ ದರ್ಜೆಯದ್ದೇ 4,000 ಡಾಲರ್ ಆಸುಪಾಸು, ಸುಮಾರು 14,700 ದಿರ್ಹಮ್.

ಇನ್ನೊಂದು ದಾರಿಯೂ ಇದೆ. ಈಗಿರುವ ಸೈಕಲ್ಲನ್ನೇ ಇಟ್ಟುಕೊಂಡು ಒಬ್ಬ ಕೋಚ್ ಹತ್ತಿರ ಕಲಿಯುವುದು. ಅಮೆರಿಕದಲ್ಲಿ ಖಾಸಗಿ ಸೈಕ್ಲಿಂಗ್ ಕೋಚ್‌ಗೆ ತಿಂಗಳಿಗೆ 150ರಿಂದ 300 ಡಾಲರ್ ಆಗುವುದು ಸಾಮಾನ್ಯ. 200 ಡಾಲರ್ ಎಂದು ಹಿಡಿದರೆ ವರ್ಷಕ್ಕೆ 2,400 ಡಾಲರ್, ಸುಮಾರು 8,800 ದಿರ್ಹಮ್. ಇದೂ ಸಣ್ಣ ಮೊತ್ತವಲ್ಲ. ಹಾಗಾದರೆ ಬೆವರು ಸುರಿಸಿ ದುಡಿದ ಹಣ ಎಲ್ಲಿಗೆ ಹೋದರೆ ಸಾರ್ಥಕ?

ಶಿಕಾಗೊದಲ್ಲಿ ವಿದ್ಯಾರಣ್ಯ ಕನ್ನಡ ಕೂಟ, ಡೆಟ್ರಾಯಿಟ್‌ನಲ್ಲಿ ಪಂಪ ಕನ್ನಡ ಕೂಟ ದಶಕಗಳಿಂದ ಇವೆ. ಒಬ್ಬ ಅಣ್ಣ ಗಲ್ಫ್‌ನಲ್ಲಿ, ಒಬ್ಬ ತಮ್ಮ ಅಮೆರಿಕದಲ್ಲಿ ಅನ್ನೋ ಮನೆಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ವಿಶೇಷ ಏನೆಂದರೆ, ಈ ಬೈಕ್–ಕೋಚ್ ಪ್ರಶ್ನೆಗೆ ಉತ್ತರ ಆ ಎರಡೂ ಊರುಗಳ ಚರಿತ್ರೆಯಲ್ಲೇ ಸಿಗುತ್ತದೆ.

ಏರೋ ಅಂದ್ರೆ ಏನು?

ಸಮತಟ್ಟಾದ ರಸ್ತೆಯಲ್ಲಿ ವೇಗವಾಗಿ ಹೋಗುವ ಸೈಕಲ್ ಸವಾರನ ದೊಡ್ಡ ಎದುರಾಳಿ ಗಾಳಿ. ಶಮಾಲ್ ಬೀಸುವಾಗ ಎದುರಿಗೆ ನಡೆದವರಿಗೆ ಇದನ್ನು ವಿವರಿಸಬೇಕಿಲ್ಲ. ಏರೋ ಬೈಕ್‌ನ ಚೌಕಟ್ಟಿನ ಕೊಳವೆಗಳು ದುಂಡಗಿರದೆ ಚಪ್ಪಟೆಯಾಗಿ, ಗಾಳಿಯನ್ನು ಸೀಳಿಕೊಂಡು ಹೋಗುವ ಆಕಾರದಲ್ಲಿರುತ್ತವೆ. ಕೇಬಲ್‌ಗಳು ಒಳಗೆ ಅಡಗಿರುತ್ತವೆ, ಚಕ್ರದ ರಿಮ್ ಆಳವಾಗಿರುತ್ತದೆ.

ಇದರಿಂದ ಲಾಭ ಇದೆಯಾ? ಇದೆ, ಸುಳ್ಳಲ್ಲ. ಆದರೆ ಲೆಕ್ಕ ಗೊತ್ತಿರಬೇಕು. ಗಾಳಿಯನ್ನು ಎದುರಿಸಲು ಬೇಕಾದ ಶಕ್ತಿ ವೇಗದ ಘನದಷ್ಟು ಏರುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು ಬೇಕು. ಇದನ್ನೇ ತಿರುಗಿಸಿ ನೋಡಿ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಒಂದು ಏರೋ ಬೈಕ್ 16 ವ್ಯಾಟ್ ಉಳಿಸುತ್ತದೆ ಎಂದುಕೊಳ್ಳಿ. ಗಾಳಿಯಿಲ್ಲದ ದಿನ 20 ಕಿ.ಮೀ. ವೇಗದಲ್ಲಿ ಅದೇ ಬೈಕ್ ಉಳಿಸುವುದು ಬರೀ 2 ವ್ಯಾಟ್. ಜಾಹೀರಾತುಗಳಲ್ಲಿ ಬರುವ ಅಂಕಿಗಳು ಹೆಚ್ಚಾಗಿ 40–45 ಕಿ.ಮೀ. ವೇಗದವು. ಹೊಸಬರು ಒಬ್ಬರೇ ಅಷ್ಟು ವೇಗದಲ್ಲಿ ಹೋಗುವುದು ಅಪರೂಪ.

ಇನ್ನೊಂದು ಮುಖ್ಯ ಮಾತು. ಗಾಳಿ ಬಂದು ಬಡಿಯುವುದು ಸೈಕಲ್‌ಗಿಂತ ಹೆಚ್ಚಾಗಿ ಮನುಷ್ಯನ ಮೈಗೆ. ಒಟ್ಟು ಗಾಳಿಯ ತಡೆಯಲ್ಲಿ ಸುಮಾರು ಮುಕ್ಕಾಲು ಪಾಲು ಸವಾರನದ್ದು, ಕಾಲು ಪಾಲು ಮಾತ್ರ ಸೈಕಲ್‌ನದ್ದು. ಹ್ಯಾಂಡಲ್‌ನ ಕೆಳಭಾಗ ಹಿಡಿದು, ಮೊಣಕೈ ಮಡಚಿ, ತಲೆ ತಗ್ಗಿಸಿ ಕೂರಲು ಕಲಿತವನು ಖರ್ಚಿಲ್ಲದೆ ಗಳಿಸುವುದು ಹೊಸ ಚೌಕಟ್ಟು ಕೊಡುವುದಕ್ಕಿಂತ ಹೆಚ್ಚೇ ಇರುತ್ತದೆ. ಆದರೆ ಹಾಗೆ ಒಂದು ಗಂಟೆ ಕೂರಲು ಬೆನ್ನು, ಸೊಂಟ ಒಗ್ಗಬೇಕು. ಅದು ಅಂಗಡಿಯಲ್ಲಿ ಸಿಗುವ ವಸ್ತುವಲ್ಲ.

ಶಿಕಾಗೊ: ಸೈಕಲ್ ಮಾಡಿದ ಊರು

ಅಮೆರಿಕದ ಮನೆಮಾತಾದ 'ಶ್ವಿನ್' ಸೈಕಲ್ ಹುಟ್ಟಿದ್ದು ಶಿಕಾಗೊದಲ್ಲಿ. ಕಟ್ಟಿದವರು ಇಗ್ನಾಜ್ ಶ್ವಿನ್. ಅವರೂ ನಮ್ಮವರ ಹಾಗೆ ಹೊಟ್ಟೆಪಾಡಿಗೆ ಊರು ಬಿಟ್ಟವರೇ. ಜರ್ಮನಿಯಿಂದ 1891ರಲ್ಲಿ ಬಂದಿಳಿದು, 1895ರಲ್ಲಿ ಅಡಾಲ್ಫ್ ಅರ್ನಾಲ್ಡ್ ಜೊತೆ ಕಂಪನಿ ಶುರುಮಾಡಿದರು. 1938ರಲ್ಲಿ ಈ ಕಂಪನಿ 'ಪ್ಯಾರಮೌಂಟ್' ಎಂಬ ರೇಸಿಂಗ್ ಸೈಕಲ್ ತಂದಿತು. ಮುಂದೆ ದಶಕಗಳ ಕಾಲ ಅಮೆರಿಕದ ರೇಸ್ ಸವಾರರ ಆಸೆಯ ಸೈಕಲ್ ಅದೇ.

1941ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆಲ್ಫ್ರೆಡ್ ಲೆಟೂರ್ನರ್ ಎಂಬ ಫ್ರೆಂಚ್ ಸವಾರ ಇದೇ ಪ್ಯಾರಮೌಂಟ್ ಮೇಲೆ ಗಂಟೆಗೆ 108.92 ಮೈಲಿ, ಅಂದರೆ ಸುಮಾರು 175 ಕಿ.ಮೀ. ವೇಗ ಮುಟ್ಟಿದರು. ಸೈಕಲ್‌ಗೆ ಎಂಥಾ ಪ್ರಚಾರ! ಆದರೆ ಗುಟ್ಟು ಬೇರೆ ಇತ್ತು. ಅವರು ತುಳಿದದ್ದು ಮುಂದೆ ಓಡುತ್ತಿದ್ದ ಕಾರಿನ ಹಿಂದೆ, ಗಾಳಿ ತಡೆಯಲು ಕಟ್ಟಿದ್ದ ಮರೆಯ ಬೆನ್ನಿಗೆ ಅಂಟಿಕೊಂಡು. ಗಾಳಿ ತಪ್ಪಿದರೆ ಮನುಷ್ಯ ಎಷ್ಟು ವೇಗವಾಗಿ ಹೋಗಬಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಈ ಪಾಠ ಇಂದಿನ ರೇಸ್‌ಗೂ ಅನ್ವಯಿಸುತ್ತದೆ. ಗುಂಪಿನಲ್ಲಿ ಮುಂದಿನವನ ಚಕ್ರದ ಹಿಂದೆ ಹತ್ತಿರ ಇರಲು ಕಲಿತವನಿಗೆ ಶ್ರಮ ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ. ಯಾವ ಏರೋ ಚೌಕಟ್ಟೂ ಇಷ್ಟು ಕೊಡುವುದಿಲ್ಲ. ಆದರೆ ಒಂದಡಿ ಅಂತರದಲ್ಲಿ ಹೆದರದೆ, ಬೇರೆಯವರನ್ನು ಬೀಳಿಸದೆ ಸಾಗುವುದು ವಿದ್ಯೆ. ಹೇಳಿಕೊಡುವವರು ಬೇಕು. ಶಿಕಾಗೊದ ಉತ್ತರಕ್ಕಿರುವ ನಾರ್ತ್‌ಬ್ರೂಕ್‌ನ ವೆಲೊಡ್ರೋಮ್‌ನಂಥ ಇಳಿಜಾರು ಅಂಚಿನ ಟ್ರ್ಯಾಕ್‌ಗಳು ಇಂಥ ಕಲಿಕೆಗೆ ಒಳ್ಳೆಯ ಜಾಗ.

ಡೆಟ್ರಾಯಿಟ್: ಸವಾರರನ್ನು ಮಾಡಿದ ಊರು

ಶಿಕಾಗೊದಿಂದ ಸುಮಾರು 450 ಕಿ.ಮೀ. ದೂರದ ಡೆಟ್ರಾಯಿಟ್ ಕಾರುಗಳ ಊರು. ಅಲ್ಲಿನ ವುಲ್ವರೀನ್ ಸ್ಪೋರ್ಟ್ಸ್ ಕ್ಲಬ್‌ನಲ್ಲಿ ಮೈಕ್ ವಾಲ್ಡನ್ ಎಂಬ ಕೋಚ್ ಇದ್ದರು. ಬೇಸಿಗೆಯಲ್ಲಿ ಸೈಕ್ಲಿಂಗ್, ಚಳಿಗಾಲದಲ್ಲಿ ಮಂಜುಗಡ್ಡೆಯ ಮೇಲೆ ಸ್ಪೀಡ್ ಸ್ಕೇಟಿಂಗ್. ಎರಡನ್ನೂ ಒಂದೇ ಕ್ಲಬ್ ಕಲಿಸುತ್ತಿತ್ತು. 1969ರಲ್ಲಿ ಕ್ಲಬ್‌ನವರು ಸೇರಿ ಡೊರೇ ಪಾರ್ಕ್‌ನಲ್ಲಿ ಕಾಂಕ್ರೀಟ್ ವೆಲೊಡ್ರೋಮ್ ಕಟ್ಟಿದರು.

ಅಲ್ಲಿ ತಯಾರಾದವರಲ್ಲಿ ಶೀಲಾ ಯಂಗ್ ಒಬ್ಬರು. 1976ರ ಇನ್ಸ್‌ಬ್ರುಕ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸ್ಪೀಡ್ ಸ್ಕೇಟಿಂಗ್‌ನಲ್ಲಿ ಚಿನ್ನ, ಬೆಳ್ಳಿ, ಕಂಚು ಮೂರನ್ನೂ ಗೆದ್ದರು. ಅದೇ ವರ್ಷ ಸೈಕ್ಲಿಂಗ್ ಸ್ಪ್ರಿಂಟ್‌ನಲ್ಲಿ ವಿಶ್ವ ಚಾಂಪಿಯನ್ ಕೂಡ ಆದರು. 1973ರಲ್ಲಿ ಆ ಪಟ್ಟ ಅವರಿಗೆ ಮೊದಲೇ ಸಿಕ್ಕಿತ್ತು, 1981ರಲ್ಲಿ ಮತ್ತೆ ಸಿಕ್ಕಿತು. ವಾಲ್ಡನ್ ಅವರ ಇನ್ನೊಬ್ಬ ಶಿಷ್ಯೆ, ಪಕ್ಕದ ಫ್ಲಿಂಟ್ ನಗರದ ಸ್ಯೂ ನೊವಾರಾ, 1975 ಮತ್ತು 1980ರಲ್ಲಿ ಇದೇ ವಿಶ್ವ ಪ್ರಶಸ್ತಿ ಗೆದ್ದರು.

ಯೋಚಿಸಿ ನೋಡಿ: ಫೆಬ್ರವರಿಯಲ್ಲಿ ಕಾಲಿಗೆ ಸ್ಕೇಟ್, ಸೆಪ್ಟೆಂಬರ್ ಹೊತ್ತಿಗೆ ಕಾಲಡಿಗೆ ಪೆಡಲ್. ಸಲಕರಣೆ ಪೂರ್ತಿ ಬದಲಾಯಿತು. ಬದಲಾಗದೆ ಉಳಿದದ್ದು ತರಬೇತಿ ಪಡೆದ ಕಾಲು, ಉಸಿರು ಮತ್ತು ತಲೆ. ಸೈಕಲ್ ಹಳೆಯದಾಗುತ್ತದೆ, ಮಾರಿದರೆ ಅರ್ಧ ಬೆಲೆಯೂ ಬರುವುದು ಕಷ್ಟ. ಕಲಿತದ್ದನ್ನು ಮುಂದಿನ ಸೈಕಲ್‌ಗೂ ತೆಗೆದುಕೊಂಡು ಹೋಗಬಹುದು.

ಹಾಗಾದರೆ 8 ಸೆಕೆಂಡ್ ಗೆಲುವು?

ಏರೋ ಪರ ವಾದಿಸುವವರು ತಪ್ಪದೆ ಹೇಳುವ ಕಥೆಯೊಂದಿದೆ. 1989ರ ಟೂರ್ ಡಿ ಫ್ರಾನ್ಸ್‌ನ ಕೊನೆಯ ದಿನ ಅಮೆರಿಕದ ಗ್ರೆಗ್ ಲೆಮಾಂಡ್, ಫ್ರಾನ್ಸ್‌ನ ಲಾರೆಂಟ್ ಫಿನ್ಯೋಂಗಿಂತ 50 ಸೆಕೆಂಡ್ ಹಿಂದಿದ್ದರು. ಉಳಿದದ್ದು 24.5 ಕಿ.ಮೀ. ಮಾತ್ರ. ಲೆಮಾಂಡ್ ಹ್ಯಾಂಡಲ್‌ಗೆ ಮುಂದಕ್ಕೆ ಚಾಚಿದ ಏರೋ ಬಾರ್ ಜೋಡಿಸಿ, ಗಾಳಿ ಸೀಳುವ ಹೆಲ್ಮೆಟ್ ಹಾಕಿಕೊಂಡರು. ಫಿನ್ಯೋಂ ಬರಿತಲೆಯಲ್ಲಿ, ಜುಟ್ಟು ಹಾರಿಸಿಕೊಂಡು ತುಳಿದರು. ಒಟ್ಟು ಲೆಕ್ಕದಲ್ಲಿ ಲೆಮಾಂಡ್ 8 ಸೆಕೆಂಡ್‌ನಿಂದ ಗೆದ್ದರು.

ಕಥೆ ನಿಜ. ಆದರೆ ಎರಡು ವಿಷಯ ಮರೆಯಬಾರದು. ಒಂದು, ಆ ಬಾರ್ ಮಾಡಿದ್ದು ಸವಾರನ ಮೈಯನ್ನು ತಗ್ಗಿಸುವ, ಕೈಗಳನ್ನು ಹತ್ತಿರ ತರುವ ಕೆಲಸ; ಹೊಸ ಚೌಕಟ್ಟಿನ ಮಹಿಮೆ ಅದಲ್ಲ. ಇನ್ನೊಂದು, ಲೆಮಾಂಡ್ ಆ ಹೊತ್ತಿಗಾಗಲೇ 1983ರಲ್ಲಿ ವಿಶ್ವ ಚಾಂಪಿಯನ್ ಆಗಿ, 1986ರಲ್ಲಿ ಟೂರ್ ಗೆದ್ದವರು. ಹುಡುಗನಾಗಿದ್ದಾಗಲೇ ಎಡ್ಡಿ ಬೊರಿಸೆವಿಚ್ ಎಂಬ ಪೋಲೆಂಡ್ ಮೂಲದ ಕೋಚ್ ಕೈಕೆಳಗೆ ಪಳಗಿದವರು. ಎಲ್ಲ ಕಲಿತ ಮೇಲೆ ಉಳಿಯುವ ಕೊನೆಯ ಕೆಲವು ಸೆಕೆಂಡ್‌ಗಳಿಗೆ ಸಲಕರಣೆ ಬೇಕು.

ಕೋಚ್ ಏನು ಮಾಡ್ತಾರೆ?

ಸ್ವಂತವಾಗಿ ತುಳಿಯುವ ಹುಡುಗರ ಸಾಮಾನ್ಯ ತಪ್ಪು ಒಂದೇ: ಪ್ರತಿದಿನವೂ ಅರ್ಧಂಬರ್ಧ ಜೋರಾಗಿ ತುಳಿಯೋದು. ಕೋಚ್ ಯಾವ ದಿನ ಜೋರು, ಯಾವ ದಿನ ನಿಧಾನ, ಯಾವ ದಿನ ಸುಮ್ಮನೆ ಮಲಗಬೇಕು ಎಂದು ಹೇಳುತ್ತಾರೆ. ಕೂರುವ ಭಂಗಿ ತಿದ್ದುತ್ತಾರೆ, ತಿರುವಿನಲ್ಲಿ ಬ್ರೇಕ್ ಎಲ್ಲಿ ಹಿಡಿಯಬೇಕು ತೋರಿಸುತ್ತಾರೆ. ಉದಾಹರಣೆಗೆ, ಒಂದು ವರ್ಷದ ಶಿಸ್ತಿನಿಂದ ಹೊಸಬನೊಬ್ಬ 180 ವ್ಯಾಟ್‌ನಿಂದ 210ಕ್ಕೆ ಏರಿದರೆ ಆ 30 ವ್ಯಾಟ್ ಏರಿನಲ್ಲೂ ಇರುತ್ತದೆ, ನಿಧಾನ ವೇಗದಲ್ಲೂ ಇರುತ್ತದೆ, ಯಾವ ಸೈಕಲ್ ಹತ್ತಿದರೂ ಇರುತ್ತದೆ. ಶಿಕಾಗೊ, ಡೆಟ್ರಾಯಿಟ್‌ನಲ್ಲಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹಿಮ. ಬೈಕ್ ಗೋಡೆಗೆ ಒರಗಿರುವ ಆ ತಿಂಗಳುಗಳಲ್ಲೂ ಮನೆಯೊಳಗೆ ಟ್ರೈನರ್ ಮೇಲೆ ತರಬೇತಿ ನಡೆಯುತ್ತದೆ.

ಕೋಚ್ ಅಂದ ಮಾತ್ರಕ್ಕೆ ಎಲ್ಲರೂ ಒಳ್ಳೆಯವರಲ್ಲ. ಎಲ್ಲರಿಗೂ ಒಂದೇ ಚಾರ್ಟ್ ಕಳಿಸಿ ದುಡ್ಡು ಎಣಿಸುವವರೂ ಇದ್ದಾರೆ. 'ಯುಎಸ್ಎ ಸೈಕ್ಲಿಂಗ್' ಲೈಸೆನ್ಸ್ ಇದೆಯೇ ಎಂದು ಕೇಳಬೇಕು. ಆ ಲೈಸೆನ್ಸ್‌ಗೆ ಹಿನ್ನೆಲೆ ತಪಾಸಣೆ ಮತ್ತು ಕ್ರೀಡಾಪಟುಗಳ ಸುರಕ್ಷತೆಯ ತರಬೇತಿ ಕಡ್ಡಾಯ. ಚಿಕ್ಕ ಮಕ್ಕಳಿದ್ದರೆ ಇದನ್ನಂತೂ ಬಿಡಲೇಬಾರದು.

ಖಾಸಗಿ ಕೋಚ್ ದುಬಾರಿಯಾದರೆ ಕ್ಲಬ್ ಮತ್ತು ಕಾಲೇಜು ತಂಡಗಳಿವೆ. ನವೀನ್ ಜಾನ್ ರೇಸಿಂಗ್ ಶುರುಮಾಡಿದ್ದು ಶಿಕಾಗೊದಿಂದ ಎರಡು-ಮೂರು ಗಂಟೆ ದಾರಿಯ ಇಂಡಿಯಾನಾದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ, ಎಂಜಿನಿಯರಿಂಗ್ ಓದುವಾಗ. ನಂತರ ಬೆಂಗಳೂರಿನಲ್ಲಿ ನೆಲೆಸಿ ಭಾರತದ ಟೈಮ್ ಟ್ರಯಲ್ ಚಾಂಪಿಯನ್ ಆದರು. 2016ರಲ್ಲಿ ದೋಹಾದಲ್ಲಿ ನಡೆದ ವಿಶ್ವ ರಸ್ತೆ ಸೈಕ್ಲಿಂಗ್ ಚಾಂಪಿಯನ್‌ಷಿಪ್‌ನಲ್ಲಿ ಭಾರತದ ಪರ ಸ್ಪರ್ಧಿಸಿದರು. ಊರಿನ ಕಡೆ ನೋಡಿದರೂ ಅಷ್ಟೇ. ವಿಜಯಪುರದಲ್ಲಿ ಸೈಕ್ಲಿಂಗ್‌ಗೆಂದೇ ಕ್ರೀಡಾ ವಸತಿ ನಿಲಯವಿದೆ. ವಿಜಯಪುರ, ಬಾಗಲಕೋಟೆ ಕಡೆಯ ರೈತರ ಮಕ್ಕಳು ಮೊದಲು ಪಡೆದದ್ದು ತರಬೇತಿ. ದುಬಾರಿ ಸೈಕಲ್ ಏನಿದ್ದರೂ ಆಮೇಲಿನ ಮಾತು.

ಬೈಕ್ ಕೊಡಿಸುವುದೇ ಸರಿ ಯಾವಾಗ?

ಈಗಿರುವ ಸೈಕಲ್ ಅಳತೆಗೆ ಸರಿ ಇಲ್ಲದಿದ್ದರೆ, ಬ್ರೇಕ್ ಹಿಡಿಯದಿದ್ದರೆ, ಚೌಕಟ್ಟು ಬಿರುಕು ಬಿಟ್ಟಿದ್ದರೆ ಮೊದಲು ಸೈಕಲ್. ಅದರಲ್ಲಿ ಚೌಕಾಸಿ ಬೇಡ. ಎರಡು-ಮೂರು ವರ್ಷ ಶಿಸ್ತಿನಿಂದ ಅಭ್ಯಾಸ ಮಾಡಿ, ಗುಂಪಿನ ಮುಂಚೂಣಿಯಲ್ಲಿ ಕೆಲವೇ ಸೆಕೆಂಡ್‌ಗಳಿಂದ ಸೋಲುತ್ತಿದ್ದರೆ ಏರೋ ಬೈಕ್ ಕೇಳುವುದರಲ್ಲಿ ನ್ಯಾಯವಿದೆ. ಇಲಿನಾಯ್, ಮಿಷಿಗನ್ ಬಯಲಿನಲ್ಲಿ ಎದುರುಗಾಳಿ ಜಾಸ್ತಿ, ಆದ್ದರಿಂದ ಲಾಭವೂ ಸ್ವಲ್ಪ ಜಾಸ್ತಿ. ಬೆಳೆಯುತ್ತಿರುವ ಮಕ್ಕಳಿಗೆ ಮಾತ್ರ ಬೇಡ. ಒಂದೆರಡು ವರ್ಷದಲ್ಲಿ ಸೈಕಲ್ ಚಿಕ್ಕದಾಗಿಬಿಡುತ್ತದೆ.

ಹಣ ಕಳಿಸುವ ಮುನ್ನ ಮಗನನ್ನೋ ಮಗಳನ್ನೋ ನಾಲ್ಕು ಮಾತು ಕೇಳಿ. ವಾರಕ್ಕೆ ಎಷ್ಟು ದಿನ ತುಳಿಯುತ್ತೀ? ಸರಾಸರಿ ವೇಗ ಎಷ್ಟು? ಗುಂಪಿನಲ್ಲಿ ಹೋಗಲು ಬರುತ್ತಾ? ಸೈಕಲ್ ನಿನ್ನ ಅಳತೆಗೆ ಸರಿಹೊಂದಿಸಿದ್ದಾರಾ? ಕೊನೆಯದಕ್ಕೆ 'ಇಲ್ಲ' ಎಂದರೆ ಮೊದಲು ಒಳ್ಳೆಯ ಅಂಗಡಿಯಲ್ಲಿ ಬೈಕ್ ಫಿಟ್ ಮಾಡಿಸಲಿ. ಬೈಕ್ ಬೆಲೆಯ ಮುಂದೆ ಅದು ಸಣ್ಣ ಖರ್ಚು.

ದೂರದಲ್ಲಿರುವ ತಂದೆ-ತಾಯಿಗೆ ವಸ್ತು ಕಳಿಸುವುದು ಸುಲಭ, ಜೊತೆಗಿರುವುದು ಕಷ್ಟ. ಮಕ್ಕಳ ಆಸೆಗೆ ಇಲ್ಲ ಅನ್ನಲಾಗದೆ ದುಬಾರಿ ವಸ್ತು ಕೊಡಿಸಿದ ಮೇಲೆ ಅದು ಧೂಳು ಹಿಡಿದು ಮೂಲೆ ಸೇರಿದ್ದನ್ನು ಕಂಡ ಮನೆಗಳು ಬಹಳ. ಒಳ್ಳೆಯ ಕೋಚ್ ಅಂದರೆ ಮಗ ಬೆಳಗ್ಗೆ ಎದ್ದನಾ, ಸರಿಯಾಗಿ ತಿಂದನಾ, ಬಿದ್ದು ಪೆಟ್ಟು ಮಾಡಿಕೊಂಡನಾ ಎಂದು ಹತ್ತಿರದಲ್ಲಿದ್ದು ವಿಚಾರಿಸುವ ಇನ್ನೊಬ್ಬ ಹಿರಿಯರು. ಮೊದಲ ವರ್ಷದ ಹಣ ಅವರಿಗೆ ಹೋಗಲಿ. ವರ್ಷ ಕಳೆದ ಮೇಲೂ ಮಗ ಅದೇ ಹಳೆಯ ಸೈಕಲ್ಲಿನಲ್ಲಿ, ಅದೇ ಉತ್ಸಾಹದಲ್ಲಿ ತುಳಿಯುತ್ತಿದ್ದರೆ, ಆ ಫೋಟೋವನ್ನು ಮತ್ತೆ ತೆಗೆದು ನೋಡಬಹುದು.